ಖಾಲಿ ಸಾಲಿನವರೆಗೆ

ನಾಗರತ್ನಳಿಗೆ ನಾನು ತಪ್ಪು ಹೇಳಿಕೊಟ್ಟೆ. ಗೊತ್ತಿದ್ದೂ ಹೇಳಿಕೊಟ್ಟೆ. ಅವಸರದಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ ಎಂದು ಬಹಳ ಕಾಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ — ಅದೂ ಸುಳ್ಳು. ಅವಳು ಕೇಳಿದ್ದಕ್ಕೂ ನಾನು ಉತ್ತರ ಕೊಟ್ಟದ್ದಕ್ಕೂ ನಡುವೆ ಸ್ವಲ್ಪ ಹೊತ್ತಿತ್ತು. ಆ ಹೊತ್ತಿನಲ್ಲಿ ನಾನು ಯೋಚನೆ ಮಾಡಿದೆ.

ತರೀಕೆರೆಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ನಾವಿಬ್ಬರೂ ಜೊತೆಗೆ ಕಲಿತವರು. ನಾನು ಅಜ್ಜಂಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ರತ್ನಳ ಮನೆ ಕ್ಲಾಸಿನ ಹಿಂದಿನ ಬೀದಿಯಲ್ಲೇ. ಮಧ್ಯಾಹ್ನ ನನಗೆ ಡಬ್ಬಿ ಬಿಚ್ಚಲು ಬಿಡುತ್ತಿರಲಿಲ್ಲ. “ತಣ್ಣಗಾಗಿರೋದನ್ನ ಏನು ತಿಂತೀಯ, ಬಾರೇ ಮನೆಗೆ” ಎಂದು ಕರೆದುಕೊಂಡು ಹೋಗುತ್ತಿದ್ದಳು. ಅವಳ ಅಮ್ಮ ನನ್ನ ತಟ್ಟೆಗೆ ಬಿಸಿ ಮುದ್ದೆ ಇಟ್ಟು, ನನ್ನ ಡಬ್ಬಿಯ ಅನ್ನವನ್ನು ತಾವು ಉಣ್ಣುತ್ತಿದ್ದರು. ಟೈಪಿಂಗಿನಲ್ಲಿ ರತ್ನ ನಮ್ಮೆಲ್ಲರಿಗಿಂತ ಮುಂದು. ಕಿಟಕಿಯಾಚೆ ಹೋಗುವವರನ್ನು ನೋಡುತ್ತ, ನಗುತ್ತ, ಕೀಬೋರ್ಡಿನ ಕಡೆ ಕಣ್ಣೇ ಹಾಯಿಸದೆ ಹೊಡೆಯುತ್ತಿದ್ದಳು. ನಾನು ನಿಧಾನ.

ಅವಳ ಅಮ್ಮನಿಗೆ ಹುಷಾರಿಲ್ಲದಾಗ ಕೆಲವು ದಿನ ಅವಳು ಕ್ಲಾಸಿಗೆ ಬರಲಿಲ್ಲ. ಆಗಲೇ ನಮಗೆ ಎಕ್ಸೆಲ್‌ನಲ್ಲಿ ಮೌಸ್ ಮುಟ್ಟದೆ ಪಟ್ಟಿಯನ್ನು ಸೆಲೆಕ್ಟ್ ಮಾಡುವುದನ್ನು ಕಲಿಸಿದ್ದು. ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದುಕೊಂಡು ಕೆಳಗಿನ ಬಾಣ ಒತ್ತಿದರೆ ನಿಂತ ಜಾಗದಿಂದ ಕೆಳಕ್ಕೆ ಎಲ್ಲವೂ ಸೆಲೆಕ್ಟ್ ಆಗುತ್ತದೆ. ಆದರೆ ನಡುವೆ ಖಾಲಿ ಸಾಲು ಸಿಕ್ಕರೆ ಅಲ್ಲಿಗೇ ನಿಂತುಬಿಡುತ್ತದೆ. ಅದರ ಕೆಳಗಿನದ್ದು ಉಳಿದುಹೋಗುತ್ತದೆ. ಕೊನೆಯವರೆಗೂ ಬೇಕೆಂದರೆ ಬಾಣ ಅಲ್ಲ, ಎಂಡ್ ಕೀ ಒತ್ತಬೇಕು. “ಬಾಣ ನಂಬಿ ಕೆಡಬೇಡಿ” ಎಂದು ಮೇಷ್ಟ್ರು ಎಚ್ಚರಿಸಿದ್ದರು. ರತ್ನ ಬಂದ ಮೇಲೆ ಇದನ್ನು ಅವಳಿಗೆ ಹೇಳಬೇಕು ಅಂದುಕೊಂಡಿದ್ದೆ. ನಿಜವಾಗಿಯೂ ಅಂದುಕೊಂಡಿದ್ದೆ — ಮರೆತೆ.

ಕಡೂರಿನಲ್ಲಿ ಕೊಬ್ಬರಿ ವ್ಯಾಪಾರದವರ ಆಫೀಸಿಗೆ ಒಬ್ಬರು ಬೇಕಾಗಿದ್ದಾರೆ ಎಂಬ ಸುದ್ದಿ ತಂದವಳು ರತ್ನಳೇ. ಅವಳು ಸುಮ್ಮನಿದ್ದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. “ಇಬ್ರೂ ಹೋಗೋಣ, ಯಾರಿಗೆ ಸಿಕ್ರೂ ಸರಿ” ಅಂದಳು. ನಾನು ಆಗ ಗಂಡನ ಮನೆ ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದೆ. ನನಗೆ ಯಾರಿಗೆ ಸಿಕ್ಕರೂ ಸರಿ ಅನ್ನಿಸಲಿಲ್ಲ.

ಆಫೀಸಿನ ಹೊರಗಿನ ಬೆಂಚಿನಲ್ಲಿ ಕೂತು ಕಾಯುತ್ತಿದ್ದೆವು. ಒಳಗಿನಿಂದ ಬಂದ ಹುಡುಗಿಯೊಬ್ಬಳು, ದೊಡ್ಡ ಪಟ್ಟಿ ಕೊಟ್ಟು ಪೂರ್ತಿ ಇನ್ನೊಂದು ಶೀಟಿಗೆ ಹಾಕಲು ಹೇಳುತ್ತಾರೆ ಎಂದು ಹೇಳಿಹೋದಳು.

ರತ್ನ ನನ್ನ ಕಡೆ ವಾಲಿ ಕೇಳಿದಳು. “ಕಲಾ, ಅಷ್ಟುದ್ದ ಪಟ್ಟಿನ ಒಂದೇ ಸಲ ಸೆಲೆಕ್ಟ್ ಮಾಡೋದು ಹೆಂಗೇ? ನಾನಿಲ್ದಾಗ ಹೇಳ್ಕೊಟ್ರಂತಲ್ಲ.”

ನಾನು ಅವಳ ಮುಖ ನೋಡಿದೆ. ಆಮೇಲೆ ಹೇಳಿದೆ. “ಕಂಟ್ರೋಲ್ ಶಿಫ್ಟ್ ಹಿಡ್ಕೊಂಡು ಕೆಳಗಿನ ಬಾಣ ಒತ್ತು. ಪೂರ್ತಿ ಬರುತ್ತೆ.”

“ಅಷ್ಟೇನಾ?”

“ಅಷ್ಟೇ ಕಣೇ.”

ಪಟ್ಟಿಯಲ್ಲಿ ರೈತರ ಹೆಸರುಗಳಿದ್ದವು, ಹೋಬಳಿ ಹೋಬಳಿಗೆ ಬೇರೆ ಬೇರೆಯಾಗಿ, ನಡುನಡುವೆ ಒಂದು ಸಾಲು ಖಾಲಿ ಬಿಟ್ಟು. ತೆರೆದ ಕೂಡಲೇ ಕಂಡಿತು. ರತ್ನ ಪಕ್ಕದ ಕಂಪ್ಯೂಟರಿನಲ್ಲೇ ಇದ್ದಳು — ಒಂದು ಮಾತು ಸಾಕಿತ್ತು, ಒಂದು ಕೆಮ್ಮು ಸಾಕಿತ್ತು. ನಾನು ಎಂಡ್ ಒತ್ತಿದೆ. ಅವಳೇ ಮೊದಲು ಮುಗಿಸಿ, ಮೇಲೆದ್ದು ಸಾಹೇಬರನ್ನು ಕರೆದಳು. ಅವರು ನೋಡಿ, “ಮೊದಲ್ನೇ ಹೋಬಳಿಯವರು ಮಾತ್ರ ಇದಾರೆ. ಮಿಕ್ಕವರು ಎಲ್ಲಮ್ಮಾ?” ಎಂದು ಕೇಳಿದರು. ರತ್ನ ಪರದೆಯನ್ನೇ ನೋಡುತ್ತ ನಿಂತಳು. “ಎಲ್ಲಾ ತಗೊಂಡಿದ್ದೆ ಸಾರ್...” ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. “ನಿಂಗಾದ್ರೂ ಸಿಕ್ತಲ್ಲ. ನೀನು ಸರಿಯಾಗೇ ಹೇಳಿದ್ದೆ, ನಾನೇ ಏನೋ ತಪ್ಪು ಒತ್ತಿದೀನಿ.” ನಾನು ಕಿಟಕಿಯ ಹೊರಗೆ ನೋಡಿದೆ.

ಆ ಕೆಲಸ ಇವತ್ತಿಗೂ ನನ್ನದೇ. ಕಡೂರಿನ ಸ್ಟೇಷನ್ ಹತ್ತಿರ ಒಂದು ಬಾಡಿಗೆ ಕೋಣೆ. ಒಬ್ಬಳಿಗೆ ಬೇಯಿಸಿಕೊಂಡು, ಒಬ್ಬಳೇ ಉಂಡು, ತಟ್ಟೆ ತೊಳೆದಿಡುತ್ತೇನೆ. ಆಫೀಸಿನಲ್ಲಿ ಯಾರೊಂದಿಗೂ ಹೆಚ್ಚು ಬೆರೆಯಲಿಲ್ಲ. ಹತ್ತಿರ ಬಂದವರು ಒಂದಲ್ಲ ಒಂದು ದಿನ ನಂಬಿ ಏನನ್ನಾದರೂ ಕೇಳುತ್ತಾರೆ — ಆಗ ನಾನು ಏನು ಮಾಡಿಯೇನೋ, ನನಗೇ ಗೊತ್ತಿರಲಿಲ್ಲ. ಅಜ್ಜಂಪುರಕ್ಕೆ ಹೋಗುವುದು ಹಬ್ಬಕ್ಕೊಮ್ಮೆ. ರತ್ನಳ ಮದುವೆಗೆ ಕರೆ ಬಂದಿತ್ತು. ಜ್ವರ ಎಂದು ಹೇಳಿ ತಪ್ಪಿಸಿಕೊಂಡೆ.

ಈಚೆಗೆ ಆಫೀಸಿನ ಕೆಲಸದ ಮೇಲೆ ಹಿರೇನಲ್ಲೂರಿಗೆ ಹೋದಾಗ ಒಂದು ಕಾಗದದ ಜೆರಾಕ್ಸ್ ಬೇಕಾಯಿತು. ಅಂಗಡಿಯಲ್ಲಿ ರತ್ನ ನಿಂತಿದ್ದಳು. ಅದು ಅವಳ ಗಂಡನ ಅಂಗಡಿ. ನನ್ನನ್ನು ಕಂಡು ಅವಳ ಮುಖ ಅರಳಿತು. ಗಂಡ ಹೊರಗೆ ಹೋಗಿದ್ದರು. ಅಷ್ಟರಲ್ಲಿ ಒಬ್ಬ ಮುದುಕ ಅರ್ಜಿ ಹಾಕಿಸಲು ಬಂದ. “ಅವ್ರು ಬರ್ಲಿ ತಾತ, ನಂಗೆ ಕಂಪ್ಯೂಟರ್ ಬರಲ್ಲ” ಎಂದು ಅವನನ್ನು ಕೂರಿಸಿದಳು. ಮೇಜಿನ ಮೇಲೆ ಕಂಪ್ಯೂಟರ್ ಆನ್ ಆಗಿಯೇ ಇತ್ತು.

“ನೀನು ಮುಟ್ಟೋದೇ ಇಲ್ವಾ?” ಎಂದೆ.

“ಅವತ್ತೇ ಗೊತ್ತಾಯ್ತಲ್ಲ ಕಣೇ. ನನ್ನ ತಲೆಗೆ ಹತ್ತೋ ವಿದ್ಯೆ ಅಲ್ಲ ಅದು.” ನಗುತ್ತಲೇ ಹೇಳಿದಳು.

ಜೆರಾಕ್ಸ್ ತೆಗೆದುಕೊಂಡು ಬಂದುಬಿಟ್ಟೆ. ಅವಳ ಕೈಯಿಂದ ಒಂದು ಕೆಲಸ ತಪ್ಪಿಸಿದೆ ಎಂದಷ್ಟೇ ನಾನು ಇಷ್ಟು ದಿನ ತಿಳಿದಿದ್ದೆ.

ಮುಂದಿನ ಭಾನುವಾರ ಮತ್ತೆ ಹೋದೆ. ಅಂಗಡಿ ಮುಚ್ಚಿತ್ತು, ಅವಳು ಮನೆಯ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ — ಬಾಣ, ಖಾಲಿ ಸಾಲು, ಗೊತ್ತಿದ್ದೂ ಹೇಳಿದ್ದು. ಅಣ್ಣನ ಮನೆಯ ಕಷ್ಟ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಅವಳ ಕೈ ನಿಂತಿತು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

“ಕೆಲಸ ಹೋಗ್ಲಿ ಬಿಡು,” ಎಂದಳು. “ನಾನು ದಡ್ಡಿ ಅಂದ್ಕೊಂಡೇ ಇಷ್ಟು ವರ್ಷ ಇದ್ನಲ್ಲ ಕಲಾ. ನನ್ನ ಮಗಳ ಮುಂದೂ ಹಂಗೇ ಹೇಳ್ಕೊಂಡ್ ಬಂದೆ. ಅದನ್ನ ಏನ್ ಮಾಡ್ಲಿ?”

ಕ್ಷಮಿಸು ಎಂದು ಕೇಳುವುದು ಕೂಡ ಅವಳ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ ಅನ್ನಿಸಿ, ಕೇಳಲಿಲ್ಲ. ನಾನು ಎದ್ದೆ. ನಮ್ಮ ಕಡೆ ಮನೆಗೆ ಬಂದವರನ್ನು, ಹಗೆಯವರೇ ಆದರೂ, ಹೋಗಿ ಬಾ ಎಂದೇ ಕಳಿಸುತ್ತಾರೆ. ರತ್ನ ತಲೆ ಎತ್ತದೆ, ಮತ್ತೆ ಕಾಯಿ ಬಿಡಿಸಲು ತೊಡಗಿ, ಮೆಲ್ಲಗೆ ಹೇಳಿದಳು:

“ಹೋಗು.”