ಬರೀ ತುಳಸಿಯ ಬಿಲ್ಲೆ

ಎಂಎಸ್ಸಿ ಎರಡನೇ ವರ್ಷದ ನನ್ನ ಪ್ರಾಜೆಕ್ಟಿಗೆ ಎಲೆ ಒದಗಿಸಿದ್ದು ಡೊಂಬಿವಲಿಯ ನಮ್ಮ ಮನೆ ಗ್ಯಾಲರಿಯ ತುಳಸಿ. ಅಮ್ಮ ಕುಂಡಕ್ಕೆ ಕೈಮುಗಿದು ತಾನೇ ಕಿತ್ತು ಕೊಡುತ್ತಿದ್ದಳು. ದ್ವಾದಶಿಯಂದು ಮಾತ್ರ ಜಪ್ಪಯ್ಯ ಅಂದರೂ ಕೊಡುತ್ತಿರಲಿಲ್ಲ. ನನ್ನ ಸಂಶೋಧನೆಗೆ ತಿಂಗಳಿಗೆ ಎರಡು ದಿನ ರಜೆಯಿತ್ತೆಂಬುದು ಕಲ್ಯಾಣದ ಕಾಲೇಜಿನ ಮೇಡಂಗೆ ಕೊನೆಗೂ ತಿಳಿಯಲಿಲ್ಲ.

ಎಲೆ ಕುದಿಸಿ ಸೋಸಿದ ಕಷಾಯವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಬೆರೆಸಿದರೆ ಸ್ವಲ್ಪ ಹೊತ್ತಿಗೆ ಅದು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ಹುಟ್ಟಿವೆ ಎನ್ನುವುದಕ್ಕೆ ಅದೇ ಮೊದಲ ಗುರುತು. ಆ ದ್ರವದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಹರಡಿದ ಗಾಜಿನ ತಟ್ಟೆಯಲ್ಲಿಟ್ಟು ಮರುದಿನ ನೋಡಿದರೆ, ಅದರ ಸುತ್ತ ಒಂದೂ ಬೆಳೆದಿರಲಿಲ್ಲ. ಹೋಲಿಕೆಗೆಂದು ಪಕ್ಕದಲ್ಲಿ ಬರೀ ತುಳಸಿ ಕಷಾಯದ ಬಿಲ್ಲೆಯನ್ನೂ ಇಟ್ಟಿದ್ದೆ. ಅದರ ಅಂಚಿನವರೆಗೂ ಬ್ಯಾಕ್ಟೀರಿಯಾ ಹಾಯಾಗಿ ಬೆಳೆದಿದ್ದವು. ಪ್ರಾಜೆಕ್ಟಿನ ವರದಿಯಲ್ಲಿ ಅದನ್ನೂ ಬರೆದೆ. ಮನೆಯಲ್ಲಿ ಹೇಳಲಿಲ್ಲ.

ಅಪ್ಪ ಠಾಣೆಯ ಒಂದು ಉಡುಪಿ ಹೋಟೆಲಿನಲ್ಲಿ ದಿನವಿಡೀ ದೋಸೆ ಕಾವಲಿಯ ಮುಂದೆ ನಿಲ್ಲುವವರು. ಸಕ್ಕರೆ ಕಾಯಿಲೆ ಬೇರೆ. ಕಾಲ್ಬೆರಳಿನ ಹುಣ್ಣು ಮಾಯದೆ, ದಿನ ಬಿಟ್ಟು ದಿನ ಡ್ರೆಸ್ಸಿಂಗಿಗೆ ಹೋಗುತ್ತಿದ್ದರು. ನಾನು ಮೊಬೈಲಿನಲ್ಲಿ ತಟ್ಟೆಯ ಫೋಟೊ ತೋರಿಸಿದಾಗ ಅವರ ಮುಖ ಅರಳಿತು.

"ನಮ್ಮ ತುಳಸಿಯಾ ಇದನ್ನು ಮಾಡಿದ್ದು?"

"ಹೌದಪ್ಪ. ತುಳಸಿ, ಬೆಳ್ಳಿ, ಅಷ್ಟೇ," ಎಂದೆ. ಹೊಗಳಿಸಿಕೊಳ್ಳುವ ಚಪಲ ನನಗೆ.

ಅವತ್ತಿನಿಂದ ಅಪ್ಪ ಡ್ರೆಸ್ಸಿಂಗಿಗೆ ಹೋಗುವುದನ್ನು ಬಿಟ್ಟರು. ಅಮ್ಮ ದೇವರ ಬೆಳ್ಳಿ ಬಟ್ಟಲಿನಲ್ಲಿ ತುಳಸಿ ರಸ ಹಿಂಡಿಡುವುದು, ಅಪ್ಪ ಅದರಲ್ಲಿ ಹತ್ತಿ ಅದ್ದಿ ಹುಣ್ಣಿಗೆ ಕಟ್ಟಿಕೊಳ್ಳುವುದು. ಗುಣವಾದ ಮೇಲೆ ನನಗೆ ತೋರಿಸಿ ಖುಷಿಪಡಿಸಬೇಕೆಂದು ಇಬ್ಬರೂ ಗುಟ್ಟಾಗಿಟ್ಟಿದ್ದರಂತೆ. ನನಗೆ ಗೊತ್ತಾಗಿದ್ದು ವಾಸನೆಯಿಂದ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಬೆರಳು ಕಪ್ಪಾಗಿತ್ತು. ಪಕ್ಕದ್ದೂ ಸೇರಿ ಎರಡು ಬೆರಳು ತೆಗೆದರು.

ಮೂರನೆಯ ದಿನ ಅಪ್ಪ ದಿಂಬಿಗೆ ಒರಗಿ ಕೂತು ನನ್ನನ್ನೇ ಸಮಾಧಾನ ಮಾಡಿದರು. "ನನ್ನದೇ ಅಳತೆ ತಪ್ಪಿತು ಕಾಣ್ತದೆ ಮಗಾ. ನಿನ್ನ ಮದ್ದು ಸರಿಯೇ ಉಂಟು."

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಸುಮ್ಮನಿದ್ದರೆ ಅವರು ಜೀವನಪೂರ್ತಿ ಹಾಗೆಯೇ ನಂಬಿರುತ್ತಿದ್ದರು.

"ಅದು ಮದ್ದೇ ಅಲ್ಲಪ್ಪ. ಬೆಳ್ಳಿ ಬಟ್ಟಲಿನಲ್ಲಿಟ್ಟ ಮಾತ್ರಕ್ಕೆ ಆ ಬೆಳ್ಳಿಯ ಕಣಗಳು ಹುಟ್ಟುವುದಿಲ್ಲ. ಬರೀ ತುಳಸಿಗೆ ಒಂದು ಕ್ರಿಮಿಯೂ ಸತ್ತಿರಲಿಲ್ಲ. ನನಗೆ ಅವತ್ತೇ ಗೊತ್ತಿತ್ತು."

ಅಪ್ಪ ಬ್ಯಾಂಡೇಜಿನ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡರು.

"ಅವತ್ತೇ ಹೇಳಿದ್ರೆ ನಿನ್ನನ್ನು ಎಂತ ಕಮ್ಮಿ ಅಂತ ಎಣಿಸ್ತಿದ್ನಾ ಮಗಾ ನಾನು?" ಎಂದು ಕೇಳಿದರು.