ಮೇಬ್ರಿ ಹೋಟೆಲಿನ ನಾಲಗೆ

ಮೆರಿಡಿಯನ್ ಊರಿನ ಕೋರ್ಟಿನ ಎದುರಿಗಿರುವ ಮೇಬ್ರಿ ಹೋಟೆಲಿಗೆ ವರ್ನೆಲ್ ಕ್ರಚರ್ ಕಾಲಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಇಪ್ಪತ್ತಾರು ವರ್ಷ ಆ ಅಡುಗೆಮನೆಯಲ್ಲಿ ಬೆಂದವಳು ಈಗ ಬ್ಯಾಂಕಿಗೆ ಹೋಗಬೇಕಾದರೂ ಹಿಂದಿನ ಬೀದಿ ಸುತ್ತಿಕೊಂಡು ಹೋಗುತ್ತಿದ್ದಳು. ಕೆಲಸ ಬಿಡುವಾಗ ಮಂಡಿ ನೋವು ಅಂದಿದ್ದಳು. ಮಂಡಿಗೆ ಏನೂ ಆಗಿರಲಿಲ್ಲ. ಒಂದು ವಾರ ಕಾಡಿದ ಜ್ವರ ಬಿಟ್ಟು ಹೋಗುವಾಗ ಅವಳ ನಾಲಗೆಯನ್ನೂ ಮೂಗನ್ನೂ ತೆಗೆದುಕೊಂಡು ಹೋಗಿತ್ತು. ಉಪ್ಪು, ಹುಳಿ, ಸಿಹಿ ಒಂದೂ ತಿಳಿಯದು. ಈ ಸಂಗತಿಯನ್ನು ಅವಳು ಮಗಳಿಗೂ ಹೇಳಿರಲಿಲ್ಲ, ಚರ್ಚಿನ ಹೆಂಗಸರಿಗಂತೂ ಸುಳಿವೇ ಕೊಟ್ಟಿರಲಿಲ್ಲ.

ಹೇಳುವುದಾದರೂ ಯಾವ ಬಾಯಲ್ಲಿ? ಒಂಬತ್ತನೆಯ ವಯಸ್ಸಿಗೇ ಮರದ ಪೆಟ್ಟಿಗೆ ಮೇಲೆ ನಿಂತು ಅಜ್ಜಿಯ ಸೊಪ್ಪಿನ ಪಾತ್ರೆಗೆ ಸೌಟು ಹಾಕಿದವಳು ಅವಳು. ಸಾವಿನ ಮನೆಗೆ ಚರ್ಚಿನಿಂದ ಊಟ ಹೊರಡಬೇಕಾದರೆ ಮೊದಲ ಚಮಚ ವರ್ನೆಲ್ ಬಾಯಿಗೆ. ಅವಳು ಹೂಂ ಅಂದರೆ ಮಾತ್ರ ಪಾತ್ರೆ ಕಾರು ಹತ್ತುತ್ತಿತ್ತು. ಅವಳ ಗಂಡನೇ ತೀರಿಕೊಂಡ ದಿನವೂ ಹಾಗೇ ಆಯಿತು. ಆ ನಾಲಗೆಯೇ ಸತ್ತಿತು ಅಂದರೆ ಊರಿನ ಕಣ್ಣಲ್ಲಿ ಉಳಿಯುವವಳು ಯಾರು? ಈ ಭಯಕ್ಕೆ ನಾನು ಅವಳನ್ನು ದೂರುವುದಿಲ್ಲ. ಆಮೇಲೆ ಮಾಡಿದಳಲ್ಲ, ಅದಕ್ಕೆ ದೂರುತ್ತೇನೆ.

ಆ ಬುಧವಾರ ಹೋಟೆಲಿನ ಒಡತಿ ಆರ್ಲೀನ್ ಮೇಬ್ರಿಯೇ ಫೋನು ಮಾಡಿ ಊಟಕ್ಕೆ ಕರೆದಳು. ವರ್ನೆಲ್‌ಗೂ ಆ ಜಾಗದ ಆಸೆ ಬಿಟ್ಟಿರಲಿಲ್ಲ. ಭಾನುವಾರದ ಹ್ಯಾಟು ಹಾಕಿಕೊಂಡು, ಗಿರಾಕಿಗಳು ಬರುವ ಮುಂಚೆ, ಹನ್ನೊಂದಕ್ಕೇ ಹೋದಳು. ಕೂತ ಕೂಡಲೇ ತಟ್ಟೆ ಬಂತು: ಕರಿದ ಕೋಳಿ, ಕಾಲರ್ಡ್ ಸೊಪ್ಪು, ಅಲಸಂದೆ ಕಾಳು, ಚೀಸು ಹಾಕಿದ ಮ್ಯಾಕರೋನಿ, ಪಕ್ಕದಲ್ಲಿ ಮುಸುಕಿನ ಜೋಳದ ಬ್ರೆಡ್ಡು. ಆರ್ಲೀನ್ ಎದುರಿಗೆ ಕುರ್ಚಿ ಎಳೆದುಕೊಂಡಳು.

"ಜನ ಕಮ್ಮಿ ಆಗಿದಾರೆ ಕಣೇ. ಮೊದಲಿನ ಹಾಗಿಲ್ಲ ಅಂತಾರೆ. ನಂಗೆ ಡಾಕ್ಟ್ರು ಉಪ್ಪು ಮುಟ್ಟಲೇಬೇಡ ಅಂದಿದಾರೆ, ರುಚಿ ನೋಡೋ ಹಾಗಿಲ್ಲ. ನೀನೇ ತಿಂದು ಹೇಳು. ಕೆಟ್ಟಿದೆ ಅಂದ್ರೆ ಈ ಹುಡುಗೀನ ಇವತ್ತೇ ಕಳಿಸ್ತೀನಿ."

ಹುಡುಗಿ ಅಂದರೆ ಟವಾನಾ, ಮೂವತ್ತು ದಾಟಿದ ಹೆಂಗಸು, ಐದು ತಿಂಗಳಿಂದ ಅಲ್ಲಿನ ಅಡುಗೆಯವಳು. ಅಡುಗೆಮನೆ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಒಡತಿಯ ಮಾತು ಅವಳಿಗೆ ಪೂರ್ತಿ ಕೇಳಿಸಿತ್ತು.

ವರ್ನೆಲ್ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಕೋಳಿ ಕಚ್ಚಿದಳು. ಕರುಂ ಅಂದ ಸದ್ದಿನಲ್ಲೇ ಎಣ್ಣೆಯ ಹದ ತಿಳಿಯಿತು. "ಕೋಳಿ ಚೆನ್ನಾಗಿ ಕರಿದಿದೀಯ ಮಗೂ" ಅಂದಳು, ಅದು ನಿಜವೇ. ಬ್ರೆಡ್ಡನ್ನು ಬೆರಳಲ್ಲಿ ಮುರಿದು ನೋಡಿ ಅದನ್ನೂ ಒಪ್ಪಿದಳು. ಆಮೇಲೆ ಸೊಪ್ಪು. ಬಾಯಿಗಿಟ್ಟರೆ ಒದ್ದೆ ಬಟ್ಟೆ ಅಗಿದ ಹಾಗೆ, ಏನೂ ಇಲ್ಲ. ಇಬ್ಬರೂ ಅವಳ ತುಟಿಯನ್ನೇ ನೋಡುತ್ತಿದ್ದರು. ಎಲ್ಲ ಸರಿಯಿದೆ ಅಂದರೆ ಜನ ಯಾಕೆ ಕಮ್ಮಿಯಾದರು ಅಂತ ಆರ್ಲೀನ್ ಕೇಳದೆ ಬಿಡುವವಳಲ್ಲ. ಏನಾದರೊಂದು ಕೊರತೆ ಹೇಳಲೇಬೇಕಿತ್ತು.

"ಸೊಪ್ಪಿಗೆ ಉಪ್ಪು ಸಾಲದು."

"ಈಗ ತಾನೇ ನೋಡಿದೆ ಮಿಸ್ ವರ್ನೆಲ್" ಅಂದಳು ಟವಾನಾ. "ಸೊಪ್ಪಿನ ಜೊತೆ ಬೇಯ್ಸಿರೋ ಹಂದಿ ಮೂಳೆಯಲ್ಲೇ ಬೇಕಾದಷ್ಟು ಉಪ್ಪಿದೆ. ಸರಿಯಾಗಿದೆ."

"ಅವಳು ಇಪ್ಪತ್ತಾರು ವರ್ಷ ಕಾದ ಪಾತ್ರೆ ಅದು. ನೀ ಬಂದು ಐದು ತಿಂಗಳು" ಅಂದಳು ಆರ್ಲೀನ್. "ಹೇಳಿದಷ್ಟು ಮಾಡು."

ಟವಾನಾ ಕಣ್ಣು ಕೆಳಗೆ ಮಾಡಲಿಲ್ಲ. "ಎಷ್ಟು ಹಾಕ್ಲಿ ನೀವೇ ಹೇಳಿ."

"ಎರಡು ಹಿಡಿ."

ಆಗಲಾದರೂ ಬೇಡ ಅನ್ನಬಹುದಿತ್ತು, ಮಹಾತಾಯಿ. ಅನ್ನಲಿಲ್ಲ. ಐಸ್ ಚಹಾದ ಲೋಟ ನೋಡುತ್ತ ಕೂತಳು.

ಹನ್ನೆರಡಕ್ಕೆ ಕೋರ್ಟಿನ ಜನ ನುಗ್ಗಿದರು. ಮುಂದೆ ಹ್ಯಾಸ್ಕ್ಯೂ, ಕೋರ್ಟಿನಲ್ಲಿ ಹೆಸರು ಕೂಗುವವನು, ಹೊರಗೂ ಅದೇ ಗಂಟಲು. "ವರ್ನೆಲ್ ಬಂದಿದಾಳೆ ಅಂದ್ರೆ ಇವತ್ತು ಊಟ ಊಟದ ಹಾಗಿರುತ್ತೆ ಬಿಡಿ. ಮಂಡಿ ಹೇಗಿದೆಯಮ್ಮ?" ಅಂದ. ಅವಳು ತಲೆಯಾಡಿಸಿದಳು. ಅವನು ಮೊದಲು ಕೋಳಿ ತಿಂದ, ಆಮೇಲೆ ಮ್ಯಾಕರೋನಿ. ವರ್ನೆಲ್ ಕಣ್ಣು ಅವನ ಫೋರ್ಕಿನ ಮೇಲೆಯೇ ಇತ್ತು. ಸೊಪ್ಪು ಬಾಯಿಗೆ ಹೋಯಿತು. ಹ್ಯಾಸ್ಕ್ಯೂ ಅಗಿಯುವುದನ್ನು ನಿಲ್ಲಿಸಿ, ಕೈ ಒರೆಸುವ ಕಾಗದಕ್ಕೆ ಉಗುಳಿ, ಲೋಟದ ಚಹಾ ಅಷ್ಟೂ ಕುಡಿದ.

"ಏನು ಆರ್ಲೀನ್, ಸಮುದ್ರ ಬೇಯ್ಸಿ ಬಡಿಸಿದೀರಾ?"

ಪಕ್ಕದ ಮೇಜಿನವರೂ ತಟ್ಟೆ ಸರಿಸಿದರು. ಆರ್ಲೀನ್ ಸೀದಾ ಅಡುಗೆಮನೆ ಬಾಗಿಲಿಗೆ ಹೋದಳು. "ಏಪ್ರನ್ ಬಿಚ್ಚು."

"ಎರಡು ಹಿಡಿ ಅಂದ್ರು, ಎರಡೇ ಹಿಡಿ ಹಾಕ್ದೆ" ಅಂದಳು ಟವಾನಾ.

"ಸುಳ್ಳು ಬೇರೆ. ತಪ್ಪು ತೋರಿಸಿದ್ಲು ಅಂತ ಹೊಟ್ಟೆಕಿಚ್ಚಿಗೆ ಇನ್ನೂ ಜಾಸ್ತಿ ಸುರಿದಿದೀಯ. ವರ್ನೆಲ್ ನಾಲಗೆ ಅಳತೆ ತಪ್ಪುತ್ತಾ?"

ಟವಾನಾ ವರ್ನೆಲ್ ಕಡೆ ನೋಡಿದಳು. ವರ್ನೆಲ್ ಕಣ್ಣು ತಪ್ಪಿಸಿದಳು. ಟವಾನಾ ಬೆನ್ನ ಹಿಂದೆ ಕೈ ಹಾಕಿ ಏಪ್ರನ್ನಿನ ಗಂಟು ಬಿಚ್ಚತೊಡಗಿದಳು.

ಬೀದಿ ಬಾಗಿಲು ವರ್ನೆಲ್ ಮೇಜಿನಿಂದ ನಾಲ್ಕು ಹೆಜ್ಜೆ. ಕೈಚೀಲ ತೊಡೆಯ ಮೇಲೇ ಇತ್ತು. ಎದ್ದು ನಡೆದರೆ ಯಾರೂ ಕೇಳುತ್ತಿರಲಿಲ್ಲ, ನಾಳೆ ಇದೇ ಒಲೆಯೂ ಸಿಗುತ್ತಿತ್ತು. ಎದ್ದಳು. ಬಾಗಿಲಿಗಲ್ಲ, ಆರ್ಲೀನ್ ಕಡೆ ತಿರುಗಿದಳು.

"ಅವಳು ಎರಡೇ ಹಿಡಿ ಹಾಕಿದ್ದು ಆರ್ಲೀನ್. ತಪ್ಪು ನಂದು. ನಂಗೆ ರುಚಿ ಗೊತ್ತಾಗಲ್ಲ. ಹದಿನಾಲ್ಕು ತಿಂಗಳಾಯ್ತು, ನಾಲಗೆ ಸತ್ತಿದೆ. ಮಂಡಿ ಅಂದಿದ್ದು ಬರೀ ಸುಳ್ಳು."

ಹ್ಯಾಸ್ಕ್ಯೂ ಫೋರ್ಕು ಕೆಳಗಿಟ್ಟ.

"ನಂಗಾದ್ರೂ ಒಂದು ಮಾತು ಹೇಳ್ಬಾರದಿತ್ತಾ?" ಅಂದಳು ಆರ್ಲೀನ್.

"ಹೇಳಿದ್ರೆ ನೀ ನನ್ನನ್ನ ಯಾತಕ್ಕೆ ಕರೀತಿದ್ದೆ?"

ವರ್ನೆಲ್ ಕಣ್ಣಲ್ಲಿ ನೀರು ತುಂಬಿತು. ಇಷ್ಟು ಜನರ ಮುಂದೆ ಅಳುತ್ತಿದ್ದೇನೆ ಎಂಬ ನಾಚಿಕೆಯೂ ಅದಕ್ಕೆ ಸೇರಿತು.

"ನನ್ನ ಹೊಟ್ಟೆ ಮೇಲೆ ಹೊಡೀತಿದ್ರಿ" ಅಂದಳು ಟವಾನಾ.

"ಹೌದು ಮಗೂ. ಹೊಡೀತಿದ್ದೆ."

ಟವಾನಾ ಬಿಚ್ಚಿದ ಏಪ್ರನ್ನನ್ನು ಮತ್ತೆ ಬಿಗಿದು ಕಟ್ಟಿಕೊಂಡಳು. "ಅಳೋದು ಆಮೇಲೆ. ಮೂವತ್ತು ಜನ ಕಾಯ್ತಿದಾರೆ. ಹ್ಯಾಟು ತೆಗ್ದಿಟ್ಟು ಒಳಗೆ ಬನ್ನಿ. ಹಾಳು ಮಾಡಿದವರು ನೀವು, ಸರಿ ಮಾಡೋದು ಹೇಗೆ ಅಂತ ನೀವೇ ಹೇಳ್ಬೇಕು."

ವರ್ನೆಲ್ ಒಳಗೆ ಹೋದಳು. "ಅರ್ಧ ರಸ ಬಸಿ. ಉಪ್ಪು ಬೀಳದ ಸೊಪ್ಪು ಮಿಕ್ಕಿದ್ರೆ ಸೇರಿಸು. ಬಿಸಿನೀರು ಹುಯ್ಯಿ" ಅಂದಳು. ಟವಾನಾ ಹಾಗೇ ಮಾಡಿ, ಸೌಟಿನ ತುದಿ ನಾಲಗೆಗೆ ತಾಗಿಸಿ, ಇನ್ನೂ ಉಪ್ಪು ಅಂದಳು. ಮತ್ತೆ ಬಸಿದರು. ಮತ್ತೆ ನೀರು. ಹಳೆಯ ಅಭ್ಯಾಸ, ವರ್ನೆಲ್ ಕೈ ತಾನಾಗಿ ಸೌಟಿನತ್ತ ಹೋಯಿತು. ಅರ್ಧದಲ್ಲೇ ಹಿಂದೆ ತೆಗೆದುಕೊಂಡಳು.

ಟವಾನಾ ಮೂರನೆಯ ಸಲ ರುಚಿ ನೋಡಿದಳು. "ಸರಿಯಾಯ್ತು" ಅಂದವಳು ಸೌಟು ಕೆಳಗಿಡದೆ ವರ್ನೆಲ್ ಮುಖ ನೋಡಿದಳು. "ಈಗಲಾದ್ರೂ ನಂಬ್ತೀರಾ?"

ವರ್ನೆಲ್ ತಟ್ಟೆ ತೆಗೆದು ಅವಳ ಮುಂದೆ ಹಿಡಿದಳು.

"ಬಡಿಸು" ಅಂದಳು.