ಶುಕ್ರವಾರದ ಹಸಿವು

ಹಳ್ಳಿಮೈಸೂರು ಬಿಟ್ಟು ಒಳದಾರಿ ಹಿಡಿದರೆ ಸಿಗೋ ಆ ಊರಲ್ಲಿ ಆಶಾರಾಣಿಯನ್ನ ಹೆಸರು ಹಿಡಿದು ಕರೆಯೋರು ಈಗ ಯಾರೂ ಇಲ್ಲ. ಎಲ್ಲರಿಗೂ ಅವಳು ಅಮ್ಮನೋರು. ಶುಕ್ರವಾರ ಬಂತು ಅಂದರೆ ಅವಳ ಮೈಮೇಲೆ ಮನೆದೇವರು ಚೌಡಮ್ಮ ಬರುತ್ತಾಳೆ. ಅಪ್ಪಣೆ ಕೇಳೋದಕ್ಕೆ ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ, ಕಾರು ಮಾಡಿಕೊಂಡು ಹಾಸನದಿಂದಲೂ ಜನ ಬರುತ್ತಾರೆ. ಹಸು ಕಳೆದಿದೆ, ಗಂಡ ಮಾತಾಡಿಸ್ತಿಲ್ಲ, ಬೋರ್ ಎಲ್ಲಿ ಕೊರೆಸೋದು, ಎಲ್ಲದಕ್ಕೂ ಅವಳೇ ಬೇಕು.

ಮಗಳು ಮೇಘಶ್ರೀಗೆ ಹದಿನೇಳು. ಅಚ್ಚು ತಾಯಿಯೇ. ಅದೇ ಹಣೆ, ಅದೇ ದೊಡ್ಡ ಕಣ್ಣು. ಬಂದವರೆಲ್ಲ ಅವಳ ಗಲ್ಲ ಹಿಡಿದು, "ಮುಂದಕ್ಕೆ ಇವ್ರೇ ತಾನೆ ನಮ್ಮ ಅಮ್ಮನೋರು" ಅನ್ನೋರು. ಅನ್ನೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಮೇಘಳಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಹಾಸನದ ನರ್ಸಿಂಗ್ ಕಾಲೇಜಲ್ಲಿ ಅವಳಿಗೆ ಸೀಟು ಸಿಕ್ಕಿತ್ತು, ಹಾಸ್ಟೆಲೂ ಸಿಕ್ಕಿತ್ತು. ಅಪ್ಪ ಕುಮಾರ್ ಹೂಂ ಅಂದಾಗಿತ್ತು. ಇನ್ನು ಸ್ವಲ್ಪ ದಿನ ಕಳೆದರೆ ಅಲ್ಲಿ ಅವಳು ಯಾವ ಅಮ್ಮನೋರ ಮಗಳೂ ಅಲ್ಲ, ಬರೀ ಮೇಘಶ್ರೀ. ಆ ಸ್ವಲ್ಪ ದಿನ ದಾಟೋದೇ ಕಷ್ಟವಾಯಿತು ನೋಡಿ.

ಶುಕ್ರವಾರ ಅಪ್ಪಣೆ ಮುಗಿಯೋ ತನಕ ಆ ಮನೆಯ ಹೆಂಗಸರು ಹನಿ ನೀರೂ ಮುಟ್ಟೋ ಹಾಗಿಲ್ಲ, ಅದು ಪದ್ಧತಿ. ಆವತ್ತು ಜನ ಬೇರೆ ಜಾಸ್ತಿ. ಧೂಪದ ಹೊಗೆ, ಮೇಲೆ ಶೀಟಿನ ಕಾವು. ಮಧ್ಯಾಹ್ನ ಕಳೆದರೂ ಸಾಲು ಕರಗಲಿಲ್ಲ. ಆರತಿ ತಟ್ಟೆ ಹಿಡಿದು ನಿಂತಿದ್ದ ಮೇಘಳಿಗೆ ಕಣ್ಣು ಕತ್ತಲೆ ಬಂತು. ಕೈಕಾಲು ಅದುರಿ ದೊಪ್ಪನೆ ಬಿದ್ದಳು.

ಬಿದ್ದ ಹುಡುಗಿಯ ಮುಖಕ್ಕೆ ನೀರು ಚಿಮುಕಿಸೋದು ಬಿಟ್ಟು ಆ ಜನ ಏನು ಮಾಡಿದರು ಗೊತ್ತೇ? "ಬಂದ್ಬುಟ್ಲು! ಮಗೀನ್ ಮ್ಯಾಲೆ ತಾಯಿ ಬಂದ್ಬುಟ್ಲು ಕಣ್ರಪ್ಪೋ!" ಅಂತ ಕೂಗಿ, ಎತ್ತಿ ಕೂರಿಸಿ, ಕೊರಳಿಗೆ ಕಣಗಿಲೆ ಹಾರ ಹಾಕಿದರು.

"ನೀರು," ಅಂದಳು ಮೇಘ.

"ತಾಯಿ ನೀರ್ ಕೇಳ್ತಾವ್ಳೆ! ಅರಿಶಿಣದ ನೀರ್ ತನ್ನಿ!"

ಅರಿಶಿಣದ ನೀರು ತಲೆ ಮೇಲೆ ಸುರಿಯಿತು. ಬಾಯಿಗೆ ತೊಟ್ಟೂ ಬೀಳಲಿಲ್ಲ.

"ನಾನು ಕಣ್ರೀ, ಮೇಘ! ನನ್ಮೇಲೆ ಯಾರೂ ಬಂದಿಲ್ಲ!"

"ಮೊದ್ಮೊದ್ಲು ಅಂಗೇ ಅಂತಾಳೆ ತಾಯಿ," ಅಂದಳು ಪಕ್ಕದ ಬೀದಿಯ ಮುದುಕಿ ನಂಜಮ್ಮ, ಎಲ್ಲ ಬಲ್ಲವಳ ಹಾಗೆ.

ಮನೆಯ ಹಿರಿಯಳು ಆರತಿ ಎತ್ತಿದರೇನೇ ದೇವರು ಬಂದದ್ದು ಖಾಯಂ. ಎಲ್ಲರ ಕಣ್ಣೂ ಆಶಾರಾಣಿಯ ಮೇಲೆ ನಿಂತವು. "ಬ್ಯಾಡ ಕಣವ್ವ," ಅಂತ ಮೇಘ ಅಂಗಲಾಚಿದಳು. ಆದರೂ ಆಶಾರಾಣಿ ಕರ್ಪೂರ ಹಚ್ಚಿ ಆರತಿ ಎತ್ತೇಬಿಟ್ಟಳು.

ಸಂಜೆ ಜನ ಚದುರಿದ ಮೇಲೆ ಮೇಘ ಹಾರ ಕಿತ್ತೆಸೆದು ತಾಯಿಯ ಮುಂದೆ ನಿಂತಳು. "ನಂಗೆ ಒಟ್ಟೆ ಅಸ್ದಿತ್ತು, ಅಷ್ಟೇಯ. ನಿಂಗೆ ಗೊತ್ತಿತ್ತು ತಾನೆ?"

ಆಶಾರಾಣಿ ಒಲೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ನಂಗೂ ಅವತ್ತು ಒಟ್ಟೆ ಅಸ್ದಿತ್ತು ಕಣೇ," ಅಂದಳು.

ಮೇಘ ಒಲೆಯ ಹತ್ತಿರ ಬಂದು ಕೂತಳು.

"ಮದ್ವೆ ಆಗಿ ಬಂದ ಒಸದ್ರಲ್ಲಿ. ಮುದ್ದೆ ಗಂಟಾಯ್ತು ಅಂತ ದಿನಾ ನಿಮ್ಮಜ್ಜಿ ಕೈಲಿ ಬೈಸ್ಕೊತಿದ್ದೆ. ಶುಕ್ರವಾರ ತಲೆ ಸುತ್ತಿ ಬಿದ್ದೆ. ಕಣ್ಣ್ ಬಿಟ್ರೆ ಅದೇ ಅತ್ತೆ ನನ್ ಕಾಲ್ ಇಡ್ಕಂಡವ್ಳೆ. ಬರೀ ಅಸಿವು ಅಂತ ದಿಟ ಏಳಕ್ಕೆ ಮನ್ಸೇ ಬರ್ಲಿಲ್ಲ."

"ಆಮ್ಯಾಕೆ?"

"ಆಮ್ಯಾಕೆ ತಾಯಿ ದಿಟ್ವಾಗೇ ಬರಕ್ಕೆ ಸುರುಮಾಡುದ್ಲು. ಈಗ ಯಾವ್ದು ನಾನು, ಯಾವ್ದು ಅವ್ಳು, ನಂಗೇ ತಿಳ್ಯಕಿಲ್ಲ."

"ನಂದು ಸುಳ್ಳು ಅಂತ ಎಲ್ರಿಗೂ ಏಳ್ಬುಡವ್ವ."

"ನಿಂದು ಸುಳ್ಳಂದ್ರೆ ನಂದೆಂಗೆ ದಿಟ ಅಂತ ಕೇಳ್ತಾರೆ. ಆಗ ನಾನ್ಯಾರೇ?"

ಮೇಘಳಿಗೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು.

ಆ ವಾರವೆಲ್ಲ ಬಾಗಿಲು ದಾಟಿದರೆ ಸಾಕು, ಯಾರಾದರೂ ಕಾಲಿಗೆ ಬೀಳೋರು. ಗೆಳತಿ ಶಾಂತಿ ಕೂಡ "ಬನ್ನಿ, ಕೂತ್ಕಳಿ" ಅಂತ ಚಾಪೆ ಹಾಸಿದಳು. ಒಂದೇ ತಟ್ಟೆಯಲ್ಲಿ ಗೋಬಿ ತಿಂದವಳು! ಅಪ್ಪನೂ ಹಾಸ್ಟೆಲ್ ಮಾತು ಎತ್ತಲಿಲ್ಲ. ದೇವರು ಬಂದ ಮಗಳನ್ನ ಹಾಸ್ಟೆಲಿಗೆ ಬಿಡೋದುಂಟೇ ಅನ್ನೋ ಯೋಚನೆ ಅವನಿಗೆ.

ಮುಂದಿನ ಶುಕ್ರವಾರ ಮೇಘ ಸುಮ್ಮನಿರಲಿಲ್ಲ. ಸಾಲು ನಿಂತ ಜನರ ಎದುರಿಗೇ ಜಗಲಿ ಮೇಲೆ ಕಾಲು ಚಾಚಿ ಕೂತಳು. ಅಕ್ಕಿರೊಟ್ಟಿ, ಪಕ್ಕಕ್ಕೆ ಹಸಿ ಈರುಳ್ಳಿ ಇಟ್ಟುಕೊಂಡು ತಿನ್ನೋಕೆ ಶುರುಮಾಡಿದಳು. ಉಪವಾಸ ಮುರಿದವಳ ಮೇಲೆ ಯಾವ ದೇವರು ಬಂದಾಳು? ನೋಡಲಿ, ಕಣ್ತುಂಬ ನೋಡಲಿ!

ಜನ ಬಾಯಿ ಬಿಟ್ಟುಕೊಂಡು ನೋಡಿದರು. ಗುಸುಗುಸು ಎದ್ದಿತು. ಮೇಘಳ ಎದೆ ಇನ್ನೇನು ಹಗುರಾಯಿತು ಅನ್ನೋವಾಗ ನಂಜಮ್ಮ ಮುಂದೆ ಬಂದು ಸೆರಗೊಡ್ಡಿದಳು.

"ತಾಯಿ ಬಾಯಿಗಿಟ್ಟಿದ್ದು ಪರಸಾದ. ನಂಗೂ ಒಂದ್ ಚೂರು ಕೊಡವ್ವ."

ಅವಳ ಹಿಂದೆ ಇನ್ನೊಂದು ಸೆರಗು. ಅದರ ಹಿಂದೆ ಮಗು ಎತ್ತಿಕೊಂಡವಳ ಕೈ. ಮೇಘ ತಟ್ಟೆಯನ್ನ ತೊಡೆ ಮೇಲೆ ಎಳೆದುಕೊಂಡಳು. ಅಯ್ಯೋ ಶಿವನೇ, ಇವರಿಂದ ಪಾರಾಗೋದು ಹೇಗೆ? ದುಃಖ ಉಕ್ಕಿ ಕಣ್ಣೀರು ಬಂತು. "ತಾಯಿ ಅಳ್ತಾವ್ಳೆ" ಅಂತ ಅದಕ್ಕೂ ಕೈಮುಗಿದರು.

ಆಗ ಆಶಾರಾಣಿ ಹೊರಗೆ ಬಂದಳು. ತಲೆಗೆ ನೀರು ಹಾಕಿಕೊಂಡು ಕೂದಲು ಬಿಟ್ಟಿದ್ದಳು, ಹಣೆ ತುಂಬ ಕುಂಕುಮ.

"ಕೈ ತೆಗೀರಿ. ಅದು ಪರಸಾದ ಅಲ್ಲ, ನನ್ ಮಗಳ ತಿಂಡಿ. ಅವತ್ತು ಅವ್ಳಿಗೆ ಒಟ್ಟೆ ಅಸ್ದಿತ್ತು. ಗೊತ್ತಿದ್ದೂ ಆರತಿ ಎತ್ಬುಟ್ಟೆ, ತಪ್ಪು ನಂದು."

ನಂಜಮ್ಮ ಸೆರಗು ಹಿಂದಕ್ಕೆಳೆದುಕೊಂಡಳು. "ಅಂಗಾದ್ರೆ ನಿಮ್ಮೇಲೆ ತಾಯಿ ಬರೋದು ದಿಟವಾ, ಅಮ್ಮನೋರೇ?" ಅಂತ ಮೆಲ್ಲಗೆ ಕೇಳಿದಳು.

ಸಾಲು ನಿಂತವರೆಲ್ಲ ಹತ್ತಿರ ಸರಿದರು. ಹೇಳವ್ವ, ಇವತ್ತಾದರೂ ಹೇಳಿಬಿಡು ಅಂತ ಮೇಘಳ ಮನಸ್ಸು ಬಡಿದುಕೊಂಡಿತು. ಆಶಾರಾಣಿ ಮಗಳನ್ನೊಮ್ಮೆ ನೋಡಿದಳು, ಜನರನ್ನೊಮ್ಮೆ ನೋಡಿದಳು.

"ನನ್ಮೇಲೆ ಬರೋದು ದಿಟ," ಅಂದಳು. "ಅವ್ಳ್ ಪಾಡಿಗೆ ಅವ್ಳು ಆಸನ್ದ ಕಾಲೇಜಿಗೆ ಓಗ್ಲಿ. ನಿಮ್ಗೆ ನಾನಿವ್ನಿ. ನಡೀರಿ ಒಳಕ್ಕೆ."

ಜನ ಒಬ್ಬೊಬ್ಬರಾಗಿ ಒಳಗೆ ಹೋದರು. ಆಶಾರಾಣಿ ಮಗಳ ತಟ್ಟೆಯಲ್ಲಿದ್ದ ರೊಟ್ಟಿಯನ್ನೇ ನೋಡುತ್ತಾ ಒಂದು ಗಳಿಗೆ ನಿಂತಳು, ಉಗುಳು ನುಂಗಿಕೊಂಡು ಹಸಿದ ಹೊಟ್ಟೆಯಲ್ಲೇ ಹೋಗಿ ಕೂತಳು.